ಅಳಿಲಿನ ಕರುಳಲ್ಲಿ ನೆಲೆಸಿರುವ ಐಮೀರಿಯಾ ಮಹಾಶಯರಿಗೆ ಒಂದು ಬಹಿರಂಗ ಪತ್ರ

ತೀರ್ಥರೂಪ ಸಮಾನರಾದ ಐಮೀರಿಯಾ ಮಹಾಶಯರ ಸನ್ನಿಧಾನಕ್ಕೆ ಜಯನಗರದಿಂದ ನಿವೃತ್ತ ಪಶುವೈದ್ಯನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ಬನಶಂಕರಿಯಿಂದ ಬಿಟಿಎಂ ಬಡಾವಣೆಯವರೆಗೂ ಮಳೆ ಹಿಡಿದಿದೆ, ನೆಲ ಒದ್ದೆಯಾಗಿದೆ, ಶಾಖ ಹದವಾಗಿದೆ. ಅಂದ ಮೇಲೆ ತಮ್ಮ ಕ್ಷೇಮವನ್ನು ವಿಚಾರಿಸಬೇಕಾದ್ದೇ ಇಲ್ಲ. ಹೀಗೆ ಎಲ್ಲರೆದುರು ತಮ್ಮನ್ನು ಹೆಸರು ಹಿಡಿದು ಕರೆದದ್ದಕ್ಕೆ ಕ್ಷಮೆಯಿರಲಿ. ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟು ಖಾಸಗಿಯಾಗಿ ಬಹಳ ಕಾಲ ವಿನಂತಿಸಿಕೊಂಡೆ, ತಾವು ಕಿವಿಗೊಡಲಿಲ್ಲ. ಆದ್ದರಿಂದ ಊರ ಮುಂದೆ ನಿಂತು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಮ್ಮ ಹಿರಿತನಕ್ಕೆ ಮೊದಲು ತಲೆಬಾಗುತ್ತೇನೆ. 1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಮೊಲದ ಪಿತ್ತರಸವನ್ನು ತಾನೇ ಉಜ್ಜಿ ತಯಾರಿಸಿದ ಮಸೂರದಡಿ ಇಟ್ಟಾಗ ಕಂಡ ಮೊಟ್ಟೆಯಾಕಾರದ ಕಣಗಳು ತಮ್ಮ ವಂಶದವೇ. ಇನ್ನೂರು ವರ್ಷ ಕಳೆದ ಮೇಲೆ, 1875ರಲ್ಲಿ, ಫ್ರಾನ್ಸಿನ ಏಮೆ ಷ್ನೈಡರ್ ತಮ್ಮ ಕುಲಕ್ಕೆ ಪ್ರಾಣಿಶಾಸ್ತ್ರಜ್ಞ ಥಿಯೋಡೊರ್ ಐಮರ್ ಅವರ ಹೆಸರಿಟ್ಟರು. ಒಂದೇ ಜೀವಕೋಶದ ದೇಹ ತಮ್ಮದು. ಮಲೇರಿಯಾ ತರುವ ಪ್ಲಾಸ್ಮೋಡಿಯಂ ತಮಗೆ ದೂರದ ದಾಯಾದಿ. ಆ ದಾಯಾದಿಗೆ ಊರೂರು ತಿರುಗಲು ಸೊಳ್ಳೆಯ ಹಂಗು ಬೇಕು. ತಮಗೆ ಯಾರ ಹಂಗೂ ಇಲ್ಲ, ಹಿಕ್ಕೆಯಿಂದ ನೆಲಕ್ಕೆ, ನೆಲದಿಂದ ಬಾಯಿಗೆ, ಬಾಯಿಂದ ಕರುಳಿಗೆ ನೇರ ದಾರಿ. ಕೋಳಿಯೊಂದರಲ್ಲೇ ತಮ್ಮವರು ಕನಿಷ್ಠ ಏಳು ಪ್ರಭೇದ. ದನ, ಕುರಿ, ಮೊಲ, ಪಾರಿವಾಳ, ಇಲಿ, ಅಳಿಲು ಎಂದು ಲೆಕ್ಕ ಹಾಕುತ್ತ ಹೋದರೆ ಇಲ್ಲಿಯವರೆಗೆ ಹೆಸರು ಪಡೆದವರೇ 1,700ಕ್ಕೂ ಹೆಚ್ಚು. ಇಷ್ಟು ದೊಡ್ಡ ಮನೆತನ ನಮ್ಮ ಲಾಲ್‌ಬಾಗಿನ ಮರಗಳ ಮೇಲೂ ಮಾಧವನ್ ಪಾರ್ಕಿನ ಬೆಂಚುಗಳ ಕೆಳಗೂ ಸಂಸಾರ ಹೂಡಿರುವಾಗ ನಾವು ಗುರುತು ಪರಿಚಯವಿಲ್ಲದೆ ಬದುಕುತ್ತಿದ್ದೇವೆ ಎಂಬುದೇ ನನ್ನ ಸಂಕಟ.

ತಮ್ಮ ಔದಾರ್ಯಕ್ಕೆ ನಾನು ನಿಜವಾಗಿಯೂ ಋಣಿ. ತಮ್ಮನ್ನು ಕಾಣಲು ಅಳಿಲನ್ನು ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ, ಅದು ಕಾಂಪೌಂಡ್ ಗೋಡೆಯ ಮೇಲೆ ಬಿಟ್ಟುಹೋದ ಹಿಕ್ಕೆ ಸಾಕು. ದಟ್ಟ ಸಕ್ಕರೆ ಪಾಕದಲ್ಲಿ ಕಲಕಿ ಯಂತ್ರದಲ್ಲಿ ತಿರುಗಿಸಿದರೆ ಹೊಲಸೆಲ್ಲ ತಳಕ್ಕಿಳಿದು ತಾವು ಮೇಲಕ್ಕೆ ತೇಲಿ ಬರುತ್ತೀರಿ. ಇಷ್ಟೆಲ್ಲ ಕೃಪೆ ಮಾಡುವ ತಾವು ಬರುವಾಗ ಮುಖವನ್ನು ಮಾತ್ರ ಮುಚ್ಚಿಕೊಂಡೇ ಬರುತ್ತೀರಿ. ಊಸಿಸ್ಟ್ ಎಂಬ ಗಟ್ಟಿ ಚಿಪ್ಪು, ಅದರೊಳಗೊಂದು ಮಬ್ಬು ಉಂಡೆ. ಆ ಉಂಡೆಯನ್ನು ನೋಡಿ ತಾವು ಯಾವ ಮನೆಯವರು, ಯಾವ ಕವಲಿನವರು ಎಂದು ಹೇಳಲು ಎಂಥ ಪಂಡಿತರಿಗೂ ಆಗದು. ತಮ್ಮ ಗುರುತುಗಳೆಲ್ಲ ಮೂಡುವುದು ಹೊರಗಿನ ಗಾಳಿ, ತೇವ, ಶಾಖ ಸಿಕ್ಕ ಮೇಲೆ, ಅದೂ ತಮಗೆ ಮನಸ್ಸಾದಾಗ.

ಆದ್ದರಿಂದ ದರ್ಶನಾರ್ಥಿಗಳು ಕಾಯಬೇಕು. ಶೇಕಡ ಎರಡೂವರೆಯ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಹಿಕ್ಕೆಯನ್ನು ಕದಡಿ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಇಡುತ್ತೇವೆ. ದ್ರಾವಣ ಬ್ಯಾಕ್ಟೀರಿಯಾ ಮತ್ತು ಬೂಷ್ಟನ್ನು ತಡೆಯುತ್ತದೆ. ತೆಳುವಾಗಿ ಹರಡಿದ್ದರಿಂದ ಆಮ್ಲಜನಕ ತಮ್ಮವರೆಗೆ ತಲುಪುತ್ತದೆ. ಚಳಿ ದೇಶಗಳಲ್ಲಿ ಇದಕ್ಕೆ ಶಾಖಪೆಟ್ಟಿಗೆ ಬೇಕಾಗುತ್ತದೆ, ಬೆಂಗಳೂರಿನ ಹವೆ ಅದನ್ನು ಪುಕ್ಕಟೆಯಾಗಿ ಕೊಟ್ಟಿದೆ. ಕೆಲವು ದಿನಗಳಲ್ಲಿ ಉಂಡೆ ಒಡೆದು ನಾಲ್ಕು ಪುಟ್ಟ ಕೋಶಗಳಾಗುತ್ತದೆ, ಅವೇ ಸ್ಪೋರೊಸಿಸ್ಟುಗಳು. ಒಂದೊಂದರಲ್ಲೂ ಬಾಳೆಹಣ್ಣಿನ ಹಾಗೆ ಬಾಗಿ ಮಲಗಿದ ಎರಡೆರಡು ಸ್ಪೋರೊಜೋಯಿಟುಗಳು. ನಾಲ್ಕು ಕೋಶ, ಕೋಶಕ್ಕೆ ಎರಡು ಎಂದರೆ ಐಮೀರಿಯಾ. ಎರಡು ಕೋಶ, ಕೋಶಕ್ಕೆ ನಾಲ್ಕು ಎಂದರೆ ಐಸೊಸ್ಪೊರಾ ಅಥವಾ ಸಸ್ತನಿಗಳಲ್ಲಿರುವ ಸಿಸ್ಟೊಐಸೊಸ್ಪೊರಾ. ಎರಡು ಕೋಶ, ಕೋಶಕ್ಕೆ ಎರಡೇ ಆದರೆ ಸೈಕ್ಲೊಸ್ಪೊರಾ. ಕೋಶವೇ ಇಲ್ಲದೆ ನಾಲ್ಕು ಬರಿದೇ ಬಿದ್ದಿದ್ದರೆ ಕ್ರಿಪ್ಟೊಸ್ಪೊರಿಡಿಯಂ. ಮಗ್ಗಿ ಬಲ್ಲ ಮಗುವೂ ಓದಬಲ್ಲ ಈ ಲೆಕ್ಕವನ್ನು ತಾವು ಚಿಪ್ಪಿನೊಳಗೆ ಬರೆದಿಟ್ಟಿದ್ದೀರಿ. ಕಾಯುವವರಿಗೆ ಮಾತ್ರ ತೋರಿಸುತ್ತೀರಿ. ತಾಳ್ಮೆ ಕಲಿಸಿದ್ದಕ್ಕೆ ವಂದನೆಗಳು.

ಕಾಯದವರಿಗೆ ತಾವು ಏನು ಕೊಡುತ್ತೀರಿ ಎಂಬುದನ್ನೂ ಇಲ್ಲಿ ನಿವೇದಿಸಿಕೊಳ್ಳಬೇಕು. "ಕಾಕ್ಸಿಡಿಯಾ ಎರಡು ಪ್ಲಸ್" ಎಂಬ ಒಂದು ಸಾಲು. ಕಾಕ್ಸಿಡಿಯಾ ಎಂದರೆ ತಾವೂ ತಮ್ಮ ನೆಂಟರೂ ಸೇರಿದ ಇಡೀ ಗುಂಪು. ನನ್ನ ಬಳಿ ಜನ ತರುವ ವರದಿಗಳಲ್ಲಿ ಆ ಸಾಲಿನಷ್ಟು ನನ್ನನ್ನು ನೋಯಿಸುವುದು ಬೇರೊಂದಿಲ್ಲ. ಯಾವ ಕಾಕ್ಸಿಡಿಯಾ? ಬಲಿತದ್ದೋ ಬಲಿಯದ್ದೋ? ಉದ್ದ ಎಷ್ಟು ಮೈಕ್ರಾನ್, ಅಗಲ ಎಷ್ಟು? ಗೋಡೆ ಒಂದು ಪದರವೋ ಎರಡೋ? ತುದಿಯಲ್ಲಿ ಮೈಕ್ರೊಪೈಲ್ ಎಂಬ ರಂಧ್ರ ಇದೆಯೋ ಇಲ್ಲವೋ? ಒಂದೂ ಇಲ್ಲ. 1,700ಕ್ಕೂ ಹೆಚ್ಚು ಹೆಸರುಗಳುಳ್ಳ ಕುಲವನ್ನು ಒಂದು ಕೂಡುವ ಚಿಹ್ನೆಯಲ್ಲಿ ಮುಗಿಸಿಬಿಡುವ ಈ ಪದ್ಧತಿಗೆ ತಮ್ಮ ಮುಚ್ಚಿದ ಮುಖವೇ ಆಸರೆ.

ಜೆ.ಪಿ. ನಗರದ ಒಂದು ಮನೆಯ ನಾಯಿಯ ವಿಷಯವನ್ನು ತಮ್ಮ ಗಮನಕ್ಕೆ ತರಬೇಕು. ಅದಕ್ಕೆ ಎರಡು ದಿನ ಹೊಟ್ಟೆ ಕೆಟ್ಟಿತು. ಮಲ ಪರೀಕ್ಷೆಯಾಯಿತು, ಎರಡು ಪ್ಲಸ್ ಬಂತು, ಸಲ್ಫಾ ಔಷಧಿ ಶುರುವಾಯಿತು. ಮತ್ತೆ ಪರೀಕ್ಷೆ, ಮತ್ತೆ ಎರಡು ಪ್ಲಸ್, ಮತ್ತೆ ಔಷಧಿ. ಮಾದರಿ ನನ್ನ ತಟ್ಟೆಗೆ ಬಂದು ಬಲಿತಾಗ ಒಳಗಿದ್ದದ್ದು ನಾಲ್ಕು ಕೋಶ. ನಾಯಿಗೆ ಕಾಯಿಲೆ ತರುವ ಕಾಕ್ಸಿಡಿಯಾ ಸಿಸ್ಟೊಐಸೊಸ್ಪೊರಾ ಕುಲದವು, ಅವಕ್ಕೆ ಕೋಶ ಎರಡೇ. ಆ ನಾಯಿ ಬೆಳಗಿನ ವಾಯುವಿಹಾರದಲ್ಲಿ ಮರದ ಬುಡದಲ್ಲಿ ಬಿದ್ದ ಮತ್ಯಾವುದೋ ಪ್ರಾಣಿಯ ಹಿಕ್ಕೆಯನ್ನು ನೆಕ್ಕುತ್ತಿತ್ತು. ತಾವು ಅದರ ಕರುಳನ್ನು ಹಾದುಹೋಗುವ ದಾರಿಹೋಕರು ಮಾತ್ರ, ಒಂದು ಜೀವಕೋಶವನ್ನೂ ಮುಟ್ಟದೆ ಒಳಗೆ ಬಂದು ಹೊರಗೆ ಹೋದಿರಿ. ನಾಯಿಯ ಹೊಟ್ಟೆ ಕೆಟ್ಟದ್ದಕ್ಕೆ ಕಾರಣ ಬೇರೆ, ಅದನ್ನು ಯಾರೂ ಹುಡುಕಲಿಲ್ಲ. ತಾವು ಏನೂ ಮಾಡದೆಯೇ ಒಂದು ಮೂಕ ಪ್ರಾಣಿ ವಾರಗಟ್ಟಲೆ ಬೇಡದ ಔಷಧಿ ನುಂಗಿತು. ಅಂಥ ಪ್ರಭಾವಶಾಲಿಗಳು ತಾವು, ಒಪ್ಪಿಕೊಳ್ಳುತ್ತೇನೆ. ಆದರೆ ದಾರಿಹೋಕರು ಕನಿಷ್ಠ ತಮ್ಮ ಊರು ಯಾವುದೆಂದು ಹೇಳಿಹೋಗುವುದು ಮರ್ಯಾದೆ.

ಪ್ರಭೇದ ಗುರುತಿಸುವುದು ಪಂಡಿತರ ಹವ್ಯಾಸ ಎಂದು ಹೇಳುವವರಿದ್ದಾರೆ. ಅವರಿಗೆ ಕೋಳಿಯ ಕರುಳನ್ನು ತೋರಿಸುತ್ತೇನೆ. ಐಮೀರಿಯಾ ಟೆನೆಲ್ಲಾ ತಗುಲಿ ಕರುಳಿನ ಕುರುಡು ಚೀಲಗಳಲ್ಲಿ ರಕ್ತ ಸುರಿದು ಬದುಕುಳಿದ ಕೋಳಿಗೆ ಮತ್ತೆ ಟೆನೆಲ್ಲಾ ಸುಲಭವಾಗಿ ತಾಗುವುದಿಲ್ಲ. ಅದೇ ಕೋಳಿಗೆ ಐಮೀರಿಯಾ ಅಸರ್ವುಲಿನಾ ಹೊಸದಾಗಿ ಬಂದರೆ ಏನೂ ರಕ್ಷಣೆಯಿಲ್ಲ. 1952ರಲ್ಲಿ ಅಮೆರಿಕದಲ್ಲಿ ಕೋಳಿಗಳಿಗೆ ಮೊದಲ ಕಾಕ್ಸಿಡಿಯಾ ಲಸಿಕೆ ಮಾರಾಟಕ್ಕೆ ಬಂದಾಗಿನಿಂದ ಇವತ್ತಿನವರೆಗೂ ಅದರಲ್ಲಿ ಪ್ರಭೇದಗಳನ್ನು ಬೇರೆ ಬೇರೆಯಾಗಿ ಸೇರಿಸಬೇಕಾಗಿರುವುದು ಇದಕ್ಕೇ. ಒಂದು ಕೋಳಿಯ ದೇಹ ತಮ್ಮನ್ನು ಪ್ರಭೇದವಾರು ಬಿಡಿಸಿ ನೋಡುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರವಿಟ್ಟುಕೊಂಡ ನಾವು ಪ್ಲಸ್ ಹಾಕಿ ಕೈತೊಳೆದುಕೊಳ್ಳುತ್ತೇವೆ.

ಇನ್ನು ತಮ್ಮ ಆತಿಥೇಯರ ವಿಷಯ. ಅಳಿಲಿನ ಬೆನ್ನ ಮೇಲೆ ರಾಮನ ಬೆರಳಿನ ಗುರುತು ಎಂದು ನಮ್ಮಜ್ಜಿಯರು ಹೇಳಿ ಎಣಿಸಿದ ಮೂರು ಗೆರೆ ಪ್ರಾಣಿಶಾಸ್ತ್ರಕ್ಕೂ ಬಹಳ ಹತ್ತಿರದ ಗುರುತು. ನಮ್ಮ ಜಯನಗರದ ತಾರಸಿಗಳಲ್ಲಿ ಓಡಾಡುವುದು ಮೂರು ಗೆರೆಯ ಫುನಾಂಬುಲಸ್ ಪಾಲ್ಮಾರಂ, ಉತ್ತರ ಭಾರತದ್ದು ಐದು ಗೆರೆಯ ಫುನಾಂಬುಲಸ್ ಪೆನ್ನಂಟೈ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೇರೆ ಬಗೆಯ ಪಟ್ಟೆ ಅಳಿಲುಗಳಿವೆ. ತಾವು ಯಾರ ಮನೆಯಲ್ಲಿ ಉಂಡಿರಿ ಎಂಬುದು ತಿಳಿಯದೆ ತಮ್ಮ ಹೆಸರು ತಿಳಿಯದು. ಅದಕ್ಕೇ ಕಟ್ಟುನಿಟ್ಟಿನ ಸಂಶೋಧಕರು ಈಗ ಹೊಸ ಪ್ರಭೇದಕ್ಕೆ ಹೆಸರಿಡುವಾಗ ಬಲಿತ ಊಸಿಸ್ಟಿನ ಛಾಯಾಚಿತ್ರದ ಜೊತೆಗೆ, ಅದು ಸಿಕ್ಕ ಪ್ರಾಣಿಯ ಮಾದರಿಯನ್ನೂ ವಸ್ತುಸಂಗ್ರಹಾಲಯದಲ್ಲಿ ಇಡಬೇಕೆನ್ನುತ್ತಾರೆ. ಊಸಿಸ್ಟು ಗಾಜಿನ ಮೇಲೆ ಉಳಿಯುವುದಿಲ್ಲ, ಬೇಗ ಕುಸಿದು ಹಾಳಾಗುತ್ತದೆ. ಒಂದು ಜೀವಿಯನ್ನು ಹೆಸರಿಸಿ, ತೋರಿಸಲು ಏನೂ ಉಳಿಸದೆ ಮಾಯವಾಗುವ ತಮ್ಮ ಅಭ್ಯಾಸ ಎಷ್ಟು ತಲೆಮಾರುಗಳ ಸಂಶೋಧಕರನ್ನು ದಾರಿ ತಪ್ಪಿಸಿತು ಎಂಬುದು ತಮಗೇ ಗೊತ್ತು.

ಅಮೆರಿಕದ ನೆಲ ಅಳಿಲುಗಳ ಕಥೆಯನ್ನೇ ನೋಡೋಣ. ಮರ ಹತ್ತದೆ ಬಿಲ ತೋಡಿ ಬದುಕುವ ಆ ಅಳಿಲುಗಳು ನಮ್ಮ ಅಳಿಲಿಗೆ ದೂರದ ನೆಂಟರು. ಅವಕ್ಕೆ ಇನ್ನೂ ಹತ್ತಿರದ ಸಂಬಂಧಿ ಭಾರತದಲ್ಲಿ ಬೇಕೆಂದರೆ ಹಿಮಾಲಯದ ಮಾರ್ಮಟ್ ಹುಡುಕಿಕೊಂಡು ಹೋಗಬೇಕು. 1932ರಲ್ಲಿ ಡೋರಾ ಹೆನ್ರಿ ಎಂಬ ತರುಣ ಸಂಶೋಧಕಿ ಕ್ಯಾಲಿಫೋರ್ನಿಯಾದ ಸಣ್ಣ ಸಸ್ತನಿಗಳಲ್ಲಿ ತಮ್ಮ ಏಳು ಹೊಸ ಪ್ರಭೇದಗಳನ್ನು ವರ್ಣಿಸಿದರು. ಅವುಗಳಲ್ಲಿ ಬೈಲಮೆಲ್ಲಾಟಾ ಒಂದು, ಎರಡು ಪದರದ ದಪ್ಪ ಗೋಡೆ, ತುದಿಯಲ್ಲಿ ಸ್ಪಷ್ಟ ರಂಧ್ರ, ಒಮ್ಮೆ ಕಂಡವರು ಮರೆಯುವಂತಿಲ್ಲ. ಕ್ಯಾಲೊಸ್ಪರ್ಮೊಫಿಲೈ ಇನ್ನೊಂದು, ಚಿಕ್ಕದು, ಹೆಚ್ಚುಕಡಿಮೆ ಗುಂಡು. ಬೀಚೆಯೈ ಮತ್ತೊಂದು. ಅವರು ಕೈಯಿಂದ ಬಿಡಿಸಿದ ಚಿತ್ರಗಳ ಎಚ್ಚರ, ಅಳತೆಯ ಶ್ರದ್ಧೆ ಇವತ್ತಿಗೂ ಮಾದರಿ. ಮುಂದೆ ಅವರು ಸಮುದ್ರದ ಬಂಡೆಗಳಿಗಂಟುವ ಬಾರ್ನಕಲ್ ಜೀವಿಗಳ ಅಧ್ಯಯನಕ್ಕೆ ತಿರುಗಿ ಅದರಲ್ಲೇ ಹೆಸರಾದರು. ಅಷ್ಟು ಒಳ್ಳೆಯ ಕಣ್ಣುಗಳನ್ನು ತಮ್ಮ ಬಳಿ ಉಳಿಸಿಕೊಳ್ಳಲು ತಮಗೆ ಆಗಲಿಲ್ಲವಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ.

ಹೆನ್ರಿಯವರ ನಂತರ ಬಂದವರಿಗೆ ತಾವು ಮಾಡಿದ ಉಪಚಾರವನ್ನು ಮಾತ್ರ ನಾನು ಸುಲಭವಾಗಿ ಮರೆಯಲಾರೆ. ಒಂದು ಅಳಿಲಿನಲ್ಲಿ ಸ್ವಲ್ಪ ಉದ್ದವಾಗಿ, ಇನ್ನೊಂದರಲ್ಲಿ ಸ್ವಲ್ಪ ಗುಂಡಾಗಿ ಕಾಣಿಸಿಕೊಂಡಿರಿ. ಸೋಂಕು ಶುರುವಾದಾಗ ಒಂದು ಗಾತ್ರ, ಮುಗಿಯುವಾಗ ಇನ್ನೊಂದು. ಹೊಸ ಆತಿಥೇಯ ಸಿಕ್ಕಿದ ಕಡೆಯಲ್ಲೆಲ್ಲ ಹೊಸ ಹೆಸರು ಹುಟ್ಟಿತು. ಒಂದು ಐಮೀರಿಯಾಗೆ ಒಂದೇ ಬಗೆಯ ಪ್ರಾಣಿ ಎಂಬ ನಂಬಿಕೆಯನ್ನು ತಾವು ಹೆಚ್ಚಿನ ಕಡೆ ಪೋಷಿಸಿ, ನೆಲ ಅಳಿಲುಗಳಲ್ಲಿ ಸದ್ದಿಲ್ಲದೆ ಮುರಿದಿರಿ. ಯೂಟಾದಲ್ಲಿ ಟಾಡ್ ಮತ್ತು ಹ್ಯಾಮಂಡ್ 1960ರ ದಶಕದಲ್ಲಿ ತಮ್ಮನ್ನು ಬೇರೆ ಬೇರೆ ಅಳಿಲುಗಳಿಗೆ ಉಣಿಸಿ ನೋಡಿದರು. ಕ್ರಮೇಣ ಸ್ಪಷ್ಟವಾದದ್ದೇನೆಂದರೆ, ನೆಲ ಅಳಿಲು, ಪ್ರೇರಿ ಡಾಗ್, ಮಾರ್ಮಟ್ ಬಳಗದೊಳಗೆ ತಾವು ಒಂದು ಮನೆಯಿಂದ ಇನ್ನೊಂದು ಮನೆಗೆ ಸಲೀಸಾಗಿ ಹೋಗಿಬರುತ್ತೀರಿ. 1998ರಲ್ಲಿ ವಿಲ್ಬರ್, ಡ್ಯುಷಿನ್ಸ್ಕಿ ಮತ್ತು ಸಂಗಡಿಗರು ಹಳೆಯ ವರ್ಣನೆಗಳನ್ನೆಲ್ಲ ಎದುರಿಗಿಟ್ಟುಕೊಂಡು ಆ ಬಳಗದ ಐಮೀರಿಯಾಗಳ ಹೆಸರುಗಳನ್ನು ಮರುಪರಿಶೀಲಿಸಬೇಕಾಯಿತು. ಹೆಸರಿಡುವುದು ಒಂದು ದಿನದ ಕೆಲಸ, ಬೇಡದ ಹೆಸರನ್ನು ತೆಗೆಯುವುದು ದಶಕಗಳ ಕೆಲಸ. ಆ ದಶಕಗಳನ್ನು ತಾವು ನಮ್ಮಿಂದ ಪಡೆದಿರಿ.

ಆದರೂ ತಮ್ಮಲ್ಲಿ ಸುಳ್ಳಿಲ್ಲ, ಅದನ್ನು ಮನಸಾರೆ ಹೇಳುತ್ತೇನೆ. ಊಸಿಸ್ಟು ಬಲಿಯುವಾಗ ನಾಲ್ಕು ಕೋಶಗಳಾಗಿ ಮಿಕ್ಕ ಕಸರು ಕೆಲವು ಪ್ರಭೇದಗಳಲ್ಲಿ ಒಳಗೇ ಒಂದು ಚಿಕ್ಕ ಗೊಂಚಲಾಗಿ ಉಳಿಯುತ್ತದೆ, ಇನ್ನು ಕೆಲವುಗಳಲ್ಲಿ ಇರುವುದೇ ಇಲ್ಲ. ಅದು ಬರೀ ಕಸ, ವರ್ಗೀಕರಣಕ್ಕೆ ಅದರಲ್ಲೇನಿದೆ ಎಂದು ಮೂಗು ಮುರಿಯುವುದು ಸುಲಭ. 2001ರಲ್ಲಿ ಝಾವೊ ಮತ್ತು ಡ್ಯುಷಿನ್ಸ್ಕಿ ದಂಶಕಗಳ ಐಮೀರಿಯಾಗಳ ಡಿಎನ್ಎ ಹೋಲಿಸಿ ನೋಡಿದಾಗ ಅವು ಎರಡು ವಂಶಗಳಾಗಿ ಬೇರ್ಪಟ್ಟವು: ಕಸರು ಇರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಹಳೆಯ ಕಾಲದವರು ಕಣ್ಣಿಗೆ ಕಂಡದ್ದನ್ನು ತಪ್ಪದೆ ಬರೆದಿಟ್ಟಿದ್ದರಿಂದ ತಾನೇ ಈ ಹೋಲಿಕೆ ಸಾಧ್ಯವಾಯಿತು? ಎರಡು ಪ್ಲಸ್ ಎಂದು ಬರೆದ ಕಾಗದದಿಂದ ಯಾವ ಕಾಲಕ್ಕೂ ಯಾವ ವಂಶವೃಕ್ಷವೂ ಹುಟ್ಟದು.

ನಮ್ಮ ನೆಲದಲ್ಲಿ ತಮ್ಮನ್ನು ಪ್ರೀತಿಯಿಂದ ನೋಡಿದವರಿಲ್ಲ ಎಂದು ತಿಳಿಯಬೇಡಿ. 1906ರಲ್ಲೇ ಭಾರತೀಯ ವೈದ್ಯಕೀಯ ಸೇವೆಯ ಪ್ಯಾಟನ್ ನಮ್ಮ ಪಟ್ಟೆ ಅಳಿಲಿನ ಬಿಳಿ ರಕ್ತಕಣಗಳೊಳಗೆ ಕುಳಿತಿದ್ದ ತಮ್ಮ ನೆಂಟನೊಬ್ಬನನ್ನು ಪತ್ತೆ ಮಾಡಿ ಪ್ರಕಟಿಸಿದರು, ಅದನ್ನು ಇಂದು ಹೆಪಟೊಜೂನ್ ಕುಲಕ್ಕೆ ಸೇರಿಸುತ್ತಾರೆ. 1938ರಲ್ಲಿ ಭಾಟಿಯಾ ಅವರು ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಒಂದು ಇಡೀ ಸಂಪುಟವನ್ನು ತಮ್ಮ ಸಮೂಹಕ್ಕೇ ಮೀಸಲಿಟ್ಟರು. 1950ರ ದಶಕದಲ್ಲಿ ರಾವ್ ಮತ್ತು ಹಿರೇಗೌಡರ್ ದನಗಳ ಸಗಣಿಯನ್ನು ಜರಡಿ ಹಿಡಿದು ಬಾಂಬಯನ್ಸಿಸ್, ಖುರೊಡೆನ್ಸಿಸ್ ಎಂಬ ಹೆಸರುಗಳನ್ನು ಕೊಟ್ಟರು. 1956ರಲ್ಲಿ ಹಿರೇಗೌಡರ್ ಐಮೀರಿಯಾ ಮುಂಡರಗಿ ಎಂಬುದನ್ನು ವರ್ಣಿಸಿದರು. ಪ್ರಪಂಚದ ಯಾವ ಮೂಲೆಯ ಪಶುವೈದ್ಯ ದನದ ಕಾಕ್ಸಿಡಿಯಾ ಪಟ್ಟಿ ತೆರೆದರೂ ಅಲ್ಲಿ ಮುಂಡರಗಿ ಎಂಬ ಹೆಸರು ಕಾಣುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜು ಶುರುವಾದದ್ದು ಅದಾದ ಎರಡು ವರ್ಷಕ್ಕೆ, 1958ರಲ್ಲಿ. ಅಲ್ಲಿ ಓದುವಾಗ ಪಟ್ಟಿಯಲ್ಲಿ ಆ ಕನ್ನಡ ಹೆಸರನ್ನು ಓದಿದ ನನಗೆ ತಮ್ಮ ಕುಲದ ಮೇಲೆ ಹುಟ್ಟಿದ ಅಭಿಮಾನ ಇಂದಿಗೂ ಇಳಿದಿಲ್ಲ. ದನಕ್ಕೆ, ಕೋಳಿಗೆ, ಕುರಿಗೆ ಇಷ್ಟು ಜನ ದುಡಿದರು, ಅವು ಹಾಲು, ಮೊಟ್ಟೆ, ಮಾಂಸ ಕೊಡುತ್ತವೆ. ಅಳಿಲು ಕೊಡುವುದು ಏನೂ ಇಲ್ಲ. ಹಾಗಾಗಿ ಅದರ ಹಿಕ್ಕೆ ನಮ್ಮ ಅಂಗಳದಲ್ಲೇ ಬಿದ್ದಿದ್ದರೂ ತಮಗೆ ಅಲ್ಲಿ ನೆಮ್ಮದಿ.

ಆ ನೆಮ್ಮದಿಯ ಬೆಲೆಯನ್ನು ಕೊಡುವವರು ಮರಿಗಳು. ಈ ಮಾತನ್ನು ಬರೆಯುವಾಗ ನನ್ನ ವಿನಯ ಸ್ವಲ್ಪ ಸಡಿಲವಾದರೆ ಮನ್ನಿಸಬೇಕು. ಮಳೆಗಾಳಿಗೆ ಕೊಂಬೆ ಮುರಿದಾಗ, ಏಸಿ ಪೆಟ್ಟಿಗೆಯ ಹಿಂದಿನ ಗೂಡನ್ನು ಯಾರೋ ಗುಡಿಸಿ ಹಾಕಿದಾಗ, ಕಣ್ಣು ಬಿಡದ ಅಳಿಲು ಮರಿಗಳು ರಸ್ತೆಗೆ ಬೀಳುತ್ತವೆ. ಬನಶಂಕರಿಯ ಕಾಲೇಜು ಹುಡುಗಿಯರು, ಬಿಟಿಎಂನ ಬಾಡಿಗೆ ಕೋಣೆಯ ಹುಡುಗರು, ಜಯನಗರದ ವಯಸ್ಸಾದ ದಂಪತಿಗಳು ಅವನ್ನು ಬಟ್ಟೆಯಲ್ಲಿ ಸುತ್ತಿ, ಹನಿಹನಿಯಾಗಿ ಉಣಿಸಿ, ರಾತ್ರಿ ಎದ್ದೆದ್ದು ನೋಡಿ ಸಾಕುತ್ತಾರೆ. ಮರಿ ಕಣ್ಣು ಬಿಡುತ್ತದೆ, ಮೈಮೇಲೆ ಗೆರೆ ಮೂಡುತ್ತದೆ, ಹಣ್ಣು ಕಚ್ಚಲು ಕಲಿಯುತ್ತದೆ. ಹಾಲು ಬಿಡುವ ಆ ಹೊತ್ತಿನಲ್ಲೇ, ಮೈಯಲ್ಲಿ ಕಸುವಿಲ್ಲದಾಗ, ಒಂದೇ ಪೆಟ್ಟಿಗೆಯಲ್ಲಿ ನಾಲ್ಕಾರು ಮರಿಗಳಿರುವಾಗ ತಾವು ಆಗಮಿಸುತ್ತೀರಿ. ದೊಡ್ಡ ಅಳಿಲಿನ ಕರುಳಲ್ಲಿ ಸದ್ದಿಲ್ಲದೆ ಬಾಳಿದವರು ಮರಿಯ ಕರುಳಲ್ಲಿ ಕೋಶಕೋಶವನ್ನೂ ಒಡೆದು ಹೊರಬರುತ್ತೀರಿ. ತಮ್ಮವರ ಸಂತಾನಶಕ್ತಿ ಎಷ್ಟೆಂದರೆ ಕರುವಿನಲ್ಲಿ ಐಮೀರಿಯಾ ಬೋವಿಸ್ ಕಟ್ಟುವ ಮೊದಲ ತಲೆಮಾರಿನ ಒಂದೇ ಗಂಟಿನಲ್ಲಿ 1,20,000ದಷ್ಟು ಮರಿಗಳಿರುತ್ತವೆ. ಅಂಗೈಯಲ್ಲಿ ಹಿಡಿಸುವ ಅಳಿಲು ಮರಿಗೆ ಅದರ ಒಂದಂಶವೂ ಹೆಚ್ಚೇ. ಭೇದಿಯಾಗಿ ನೀರು ಬತ್ತಿ ಅದು ಹೋಗುತ್ತದೆ. ಸಾಕಿದವರು ನಾವು ಕೊಟ್ಟ ಹಣ್ಣು ಆಗಲಿಲ್ಲವೇನೋ ಎಂದು ತಮ್ಮನ್ನು ತಾವೇ ದೂರಿಕೊಳ್ಳುತ್ತಾರೆ. ತಾವು ಬಂದುಹೋದದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಅಳಿಲಿನ ಪ್ರಾಣ ತೆಗೆದು ಸಾಕಿದವರ ಮನಸ್ಸಿಗೆ ಅಪರಾಧದ ಭಾರ ಹೊರಿಸಿಹೋಗುವ ತಮ್ಮ ನಡೆಗೆ ನನ್ನಲ್ಲಿ ಯಾವ ವಂದನೆಯೂ ಇಲ್ಲ.

ಇದರ ಜೊತೆಗೆ ತಮ್ಮ ಬಳಗದ ಹೆಸರು ಕೆಡಿಸುವವರಿಂದ ಅಳಿಲಿಗೆ ಆಗುತ್ತಿರುವ ಅನ್ಯಾಯವನ್ನೂ ತಾವು ಗಮನಿಸಬೇಕು. ಬೆಕ್ಕು ಹೊರಹಾಕುವ ಟಾಕ್ಸೊಪ್ಲಾಸ್ಮಾ ಬಸುರಿಯರಿಗೆ ಅಪಾಯ ಎಂಬುದು ನಿಜ. ಸೈಕ್ಲೊಸ್ಪೊರಾ ತೊಳೆಯದ ಸೊಪ್ಪಿನ ಮೂಲಕ ಮನುಷ್ಯರ ಹೊಟ್ಟೆ ಕೆಡಿಸುತ್ತದೆ, ನಿಜ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಕುಡಿಯುವ ನೀರಿಗೆ ಸೇರಿ ನಾಲ್ಕು ಲಕ್ಷ ಜನರನ್ನು ಮಲಗಿಸಿತು, ಅದೂ ನಿಜ. ಆದರೆ ಅಳಿಲಿನ ಐಮೀರಿಯಾ ಮನುಷ್ಯರಿಗೆ ತಗುಲುವುದಿಲ್ಲ. ಎಲ್ಲರನ್ನೂ ಕಾಕ್ಸಿಡಿಯಾ ಎಂಬ ಒಂದೇ ಚೀಲಕ್ಕೆ ತುಂಬಿದ ಮೇಲೆ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಈ ವ್ಯತ್ಯಾಸವನ್ನು ಕೇಳುವವರು ಯಾರು? ಹಿಕ್ಕೆಯಿಂದ ರೋಗ ಬರುತ್ತದೆ, ಗೂಡು ತೆಗೆಸಿ ಎಂದು ನಿರ್ಣಯವಾಗುತ್ತದೆ. ಗೂಡು ಬೀಳುತ್ತದೆ, ಮರಿ ಬೀಳುತ್ತದೆ, ಮರಿ ಒಂದು ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿ ತಾವು ಕಾಯುತ್ತಿರುತ್ತೀರಿ.

ಪಾರಿವಾಳಗಳ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಪುಣ್ಯ ಬರಲೆಂದು ಜನ ಚೆಲ್ಲುವ ಕಾಳಿಗೆ ಪಾರಿವಾಳವೂ ಬರುತ್ತದೆ, ಅಳಿಲೂ ಬರುತ್ತದೆ. ಪಾರಿವಾಳದ ಐಮೀರಿಯಾ ಲಬ್ಬಿಯಾನಾ ಅಳಿಲಿನ ಹಿಕ್ಕೆಯ ಮೇಲೆ ಅಂಟಿಕೊಂಡು ನನ್ನ ತಟ್ಟೆಗೆ ಕರೆಯದೆ ಬರುತ್ತದೆ, ನಾಲ್ಕು ಕೋಶ ತೋರಿಸಿ ತಾನೇ ಅಳಿಲಿನವನೆನ್ನುತ್ತದೆ. ಆದ್ದರಿಂದ ಕಾಳು ಚೆಲ್ಲುವ ಕಟ್ಟೆಯ ಬಳಿಯ ಮಾದರಿಯನ್ನು ನಾನು ಸೇರಿಸಿಕೊಳ್ಳುವುದಿಲ್ಲ. ತಮ್ಮೊಳಗಿನ ಈ ಬೆರಕೆಯನ್ನು ತಾವೇ ಸರಿಪಡಿಸಿಕೊಂಡರೆ ಉಪಕಾರವಾಗುತ್ತದೆ.

ಈಗ ನನ್ನ ವಿನಮ್ರ ಬೇಡಿಕೆಗಳು. ತಟ್ಟೆಯಲ್ಲಿಟ್ಟಾಗ ದಯಮಾಡಿ ಎಲ್ಲರೂ ಒಟ್ಟಿಗೆ ಬಲಿಯಿರಿ, ಅರ್ಧ ಜನ ಬಲಿತು ಇನ್ನರ್ಧ ಕುಸಿದರೆ ಸರಾಸರಿ ಅಳತೆ ನಂಬಲು ಬಾರದು. ಸ್ಪೋರೊಸಿಸ್ಟಿನ ಚೂಪು ತುದಿಯಲ್ಲಿರುವ ಸ್ಟೀಡಾ ಗುಂಡಿಯನ್ನು ಮಸೂರದ ಕಡೆಗೆ ತಿರುಗಿಸಿ ಮಲಗಿ. ಕಸರು ಇದ್ದರೆ ಸ್ಪಷ್ಟವಾಗಿ ತೋರಿಸಿ, ಇಲ್ಲದಿದ್ದರೆ ಇದ್ದಂತೆ ನಟಿಸಬೇಡಿ. ನನ್ನ ಕಡೆಯಿಂದ ನಾನು ಕೊಡುವ ಮಾತು ಇಷ್ಟು: ಬಲಿಯುವ ಮುಂಚೆ ತಮ್ಮನ್ನು ಹೆಸರಿಸುವುದಿಲ್ಲ. ಪ್ರತಿ ಮಾದರಿಗೂ ಬಡಾವಣೆ, ಮರ, ದಿನಾಂಕ, ಅಳಿಲಿನ ಗೆರೆಯ ಟಿಪ್ಪಣಿ ಬರೆಯುತ್ತೇನೆ. ಚಿತ್ರ ತೆಗೆದು ಮೈಕ್ರಾನ್ ಗೆರೆಯ ಜೊತೆಗೇ ಇಡುತ್ತೇನೆ. ಲಾಲ್‌ಬಾಗ್, ಕೃಷ್ಣರಾವ್ ಪಾರ್ಕ್, ತುರಹಳ್ಳಿ ಕಾಡಿನ ಅಂಚು, ಪುಟ್ಟೇನಹಳ್ಳಿ ಕೆರೆ ಇವುಗಳ ಸುತ್ತಲ ಹಿಕ್ಕೆಗೆ ಪ್ರತ್ಯೇಕ ಶೀಷೆಗಳಿವೆ. ಜೀವಶಾಸ್ತ್ರ ಓದುವ ಈ ಕಡೆಯ ಮಕ್ಕಳು ಬಂದು ಕುಳಿತರೆ ಸೂಕ್ಷ್ಮದರ್ಶಕ ಅವರದ್ದು. ನಾನು ಪಕ್ಕದಲ್ಲಿ ನಿಂತು ತಮ್ಮನ್ನು ಪರಿಚಯಿಸುತ್ತೇನೆ, ಸಕಲ ಮರ್ಯಾದೆಯೊಂದಿಗೆ.

ಬೇಡುವ ಆಶೀರ್ವಾದಗಳು.

ಇಂತಿ ತಮ್ಮ ವಿಧೇಯ,
ಜಯನಗರದ ನಿವೃತ್ತ ಪಶುವೈದ್ಯ

ವಿ.ಸೂ.: ಈ ಪತ್ರವನ್ನು ಅಳಿಲು ಮರಿ ಸಾಕುತ್ತಿರುವವರೂ ಓದುತ್ತಾರೆ, ಅವರಿಗೆ ತಮ್ಮ ಒಂದು ಗುಟ್ಟನ್ನು ಹೇಳುತ್ತಿದ್ದೇನೆ. ಬ್ಲೀಚಿಂಗ್ ನೀರಿಗೆ ತಾವು ಜಗ್ಗುವುದಿಲ್ಲ. ಕುದಿಯುವ ನೀರು ಮತ್ತು ಒಣ ಬಿಸಿಲು ತಮ್ಮನ್ನು ಕೊಲ್ಲುತ್ತವೆ. ಮಲ ಹೊರಬಿದ್ದ ಕೂಡಲೇ ತಾವು ಸೋಂಕು ತರಲಾರಿರಿ, ಬಲಿಯಲು ತಮಗೂ ಸಮಯ ಬೇಕು. ಆದ್ದರಿಂದ ಬಟ್ಟೆಯನ್ನು ದಿನಾ ಬದಲಿಸಿ, ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಹೊಸದಾಗಿ ಬಂದ ಮರಿಯನ್ನು ಹಳೆಯ ಮರಿಗಳ ಜೊತೆ ಹಾಕಬೇಡಿ. ಭೇದಿ ಕಂಡರೆ ಪಕ್ಕದ ಮನೆಯವರು ಹೇಳಿದ ಔಷಧಿ ಹಾಕದೆ, ತಾಜಾ ಹಿಕ್ಕೆಯನ್ನು ಪುಟ್ಟ ಶೀಷೆಯಲ್ಲಿ ಹಾಕಿ ಮರಿಯ ಜೊತೆಗೇ ಪಶುವೈದ್ಯರ ಬಳಿ ಒಯ್ಯಿರಿ. ಕೋಶ ಎಷ್ಟು ಎಂದು ಕೇಳಿ.